ಲ್ಯಾಪ್‌ಟಾಪಿಗೆ ಕಟ್ಟಲು ಕೀ ಇಲ್ಲ, ಸ್ವಾಮಿ

ಕದ್ದ ಮಾಲನ್ನು ಕಳ್ಳನಿಂದ ಒಂದೇ ದಿನದಲ್ಲಿ ಕಸಿದುಕೊಂಡು, ಒಡೆಯನ ಕೈಗೆ ಸಿಗದಂತೆ ನಲವತ್ತೇಳು ದಿನದಿಂದ ಕಾಪಾಡುತ್ತಿರುವ ಮಾನ್ಯ ಠಾಣಾಧಿಕಾರಿಗಳೇ,

ನನ್ನ ಲ್ಯಾಪ್‌ಟಾಪ್ ನನಗೆ ಕೊಡಿ. ಕೊಡಿ ಎಂದು ನ್ಯಾಯಾಲಯ ಹೇಳಿದೆ, ತನ್ನದಲ್ಲ ಎಂದು ಕಳ್ಳ ಹೇಳಿದ್ದಾನೆ, ನನ್ನದು ಎಂದು ನಾನು ಹೇಳುತ್ತಿದ್ದೇನೆ. ಎಲ್ಲ ಕಡೆಯಿಂದಲೂ ಇಷ್ಟು ಸಲೀಸಾಗಿ ಒಪ್ಪಿಗೆ ಬಂದ ವ್ಯವಹಾರವನ್ನು ನನ್ನ ಇಪ್ಪತ್ತು ವರ್ಷದ ದಲ್ಲಾಳಿ ಕೆಲಸದಲ್ಲಿ ನಾನು ಕಂಡಿಲ್ಲ. ಆದರೂ ಅದು ನಿಮ್ಮ ಮಾಲಿನ ಕೋಣೆಯಲ್ಲಿ, ಒಂದು ಗ್ಯಾಸ್ ಸಿಲಿಂಡರಿಗೂ ಎರಡು ಸೈಕಲ್ಲಿಗೂ ನಡುವೆ ಕೂತಿದೆ. ಕಾರಣವೇನು? ನಿಮ್ಮ ಸ್ವತ್ತಿನ ಪಟ್ಟಿಯಲ್ಲಿ ಏಳನೇ ಕಾಲಮ್ಮು ಖಾಲಿ ಇದೆ. ಆ ಕಾಲಮ್ಮಿನ ಹೆಸರು ‘ಕೀ’.

ನಾನು ಕುಂದಲಹಳ್ಳಿಯಲ್ಲಿ ಬಾಡಿಗೆ ಮನೆ ಕೊಡಿಸುವವನು. ವರ್ತೂರಿನಿಂದ ದೊಡ್ಡನೆಕ್ಕುಂದಿಯವರೆಗೆ ಯಾರು ಯಾವ ರೂಮಿನಲ್ಲಿದ್ದಾರೆ, ಅವರ ಊರು ಯಾವುದು, ಫೋಟೋ, ಫೋನ್ ನಂಬರು ಎಲ್ಲವೂ ನನ್ನ ಹತ್ತಿರ ಇರುತ್ತದೆ. ಇರಬೇಕು ಎಂದು ತಾಕೀತು ಮಾಡಿದ್ದು ನಿಮ್ಮ ಇಲಾಖೆಯೇ. ಮೊದಲು ಇದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಅಂಗಡಿಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಒಂದು ದಿನ ಒಬ್ಬ ಬಂದು, ‘ನನ್ನ ಅಕ್ಕ ಇಲ್ಲೇ ಎಲ್ಲೋ ಇದಾಳೆ’ ಎಂದ. ನಾನು ಅವನಿಗೆ ಚಹ ಹೇಳಿ ಬರುವಷ್ಟರಲ್ಲಿ ಅವನು ನೋಟ್‌ಬುಕ್ ತಿರುವಿಹಾಕಿ ಹೋಗಿದ್ದ. ಅವನು ತಮ್ಮನಲ್ಲ, ಗಂಡ. ಹೊಡೆತ ತಾಳಲಾರದೆ ಊರು ಬಿಟ್ಟು ಬಂದು, ಇಲ್ಲಿ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದ ಹೆಂಗಸಿನ ಗಂಡ. ಆಕೆಯ ಹೆಸರನ್ನೂ ಊರನ್ನೂ ಬರೆಯಲಾರೆ. ಮಹಾದೇವಿ ಎಂದಿಟ್ಟುಕೊಳ್ಳಿ. ಅವನು ರೂಮಿಗೆ ನುಗ್ಗಿದಾಗ ಪಕ್ಕದ ರೂಮಿನ ಹೆಂಗಸರು ಲಟ್ಟಣಿಗೆ ಹಿಡಿದು ಬಂದದ್ದರಿಂದ ಆಕೆ ಉಳಿದಳು. ಅವಳ ವಿಳಾಸವನ್ನು ಅವನಿಗೆ ಕೊಟ್ಟದ್ದು ನಾನು, ಅದೂ ಚಹ ಹೇಳಿ.

ಆಕೆಗೆ ಬೇರೆ ರೂಮು ಹುಡುಕಿಕೊಟ್ಟು, ನೋಟ್‌ಬುಕ್ ಸುಟ್ಟು, ಲ್ಯಾಪ್‌ಟಾಪ್ ಕೊಂಡೆ. ಅದಕ್ಕೆ ಬೀಗ ಹಾಕಿಕೊಟ್ಟವಳು ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಶೋಭಾರಾಣಿ, ಸಾಫ್ಟ್‌ವೇರ್ ಕಂಪನಿಯವಳು. ಅದು ಪುಕ್ಕಟೆ ತಂತ್ರಾಂಶ ಸ್ವಾಮಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಡಿಸ್ಕಿನಲ್ಲಿರುವ ಪ್ರತಿ ಅಕ್ಷರವನ್ನೂ ಬೀಸಿ ಹಿಟ್ಟು ಮಾಡಿ ಇಡುತ್ತದೆ. ಪಾಸ್‌ವರ್ಡ್ ಕೊಟ್ಟವನಿಗೆ ಮಾತ್ರ ಮತ್ತೆ ಕಾಳು ಮಾಡಿ ಕೊಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಬೀಸಲು ಶುರುಮಾಡಿದ್ದು, ಮೂರು ಸಲ ಕರೆಂಟು ಹೋಗಿ ಬಂದು, ಸಂಜೆ ಏಳಕ್ಕೆ ಮುಗಿಯಿತು.

“ಅಂಕಲ್, ಪಾಸ್‌ವರ್ಡ್ ಮರೆತ್ರೆ ದೇವ್ರಿಗೂ ತೆಗೆಯೋಕಾಗಲ್ಲ, ನನ್ನ ಕರೀಬೇಡಿ,” ಎಂದಳು.

ನನ್ನ ಪಾಸ್‌ವರ್ಡಿನಲ್ಲಿ ಮೂವತ್ತೊಂದು ಅಕ್ಷರಗಳಿವೆ. ಅದೇನೆಂದು ಇಲ್ಲಿ ಬರೆದರೆ ನೀವು ಈ ಪತ್ರವನ್ನೇ ಕತ್ತರಿಸಿ ಲ್ಯಾಪ್‌ಟಾಪಿಗೆ ಅಂಟಿಸಿಬಿಡುತ್ತೀರಿ.

ಮುಂದೊಂದು ದಿನ ಬಸ್ಸಿನಲ್ಲಿ ಅದು ಕಳುವಾಯಿತು. ಮಾರನೆಯ ದಿನವೇ ಕಳ್ಳ ಸಿಕ್ಕಿದ. ಅವನ ಹೇಳಿಕೆಯನ್ನು ನಿಮ್ಮವರು ನನಗೆ ಓದಿ ಹೇಳಿದಾಗ ನನಗೆ ಕುಣಿಯುವಂತಾಯಿತು. ‘ಇದು ಕೆಟ್ಟೋಗಿರೋ ಮಾಲು ಸಾರ್, ಬರೀ ಕಪ್ಪು ಪರದೆ ಬರುತ್ತೆ, ಪಾಸ್‌ವರ್ಡ್ ಕೇಳುತ್ತೆ, ಗುಜರಿಗೆ ಹಾಕೋಣ ಅಂತಿದ್ದೆ’ ಎಂದಿದ್ದನಂತೆ. ಎಂಟನೇ ಕ್ಲಾಸು ದಾಟದ ನಾನು ಹಾಕಿಸಿದ ಬೀಗಕ್ಕೆ ಒಬ್ಬ ವೃತ್ತಿಪರ ಕಳ್ಳ ಕೊಟ್ಟ ಪ್ರಮಾಣಪತ್ರವಿದು. ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಬೇಕೆಂದಿದ್ದೇನೆ, ಒಂದು ಪ್ರತಿ ದಯಪಾಲಿಸಿ.

ಆದರೆ ಕಳ್ಳನಿಗೆ ತಿಳಿದದ್ದು ನಿಮ್ಮ ಠಾಣೆಗೆ ತಿಳಿಯಲಿಲ್ಲ. ನ್ಯಾಯಾಲಯದ ಆದೇಶ ಹಿಡಿದು ಬಂದಾಗ ನಿಮ್ಮ ರೈಟರು, ಅಂದರೆ ಠಾಣೆಯ ಕಾಗದಪತ್ರ ಬರೆಯುವ ಹೆಡ್ ಕಾನ್‌ಸ್ಟೇಬಲ್ಲರು, “ಕೀ ಎಲ್ರೀ?” ಎಂದರು.

“ಕೀ ಇಲ್ಲ ಸಾರ್, ಪಾಸ್‌ವರ್ಡು. ನಿಮ್ಮೆದುರಿಗೇ ಹೊಡೆದು ತೆಗೆದು ತೋರಿಸ್ತೀನಿ.”

“ತೆಗೆಯೋದು ಆಮೇಲೆ ಕಣ್ರೀ. ಬೀಗ ಇರೋ ಮಾಲಿಗೆ ಕೀ ಕಟ್ಟಿರ್ಬೇಕು. ಅಲ್ನೋಡಿ.” ಅಲ್ಲಿ ಒಂದು ಬೈಕು, ಒಂದು ಟ್ರಂಕು. ಎರಡಕ್ಕೂ ದಾರದಲ್ಲಿ ಕೀ ಕಟ್ಟಿ, ಚೀಟಿ ಅಂಟಿಸಿ, ಅರಗಿನ ಮುದ್ರೆ ಒತ್ತಿದ್ದರು. “ಈ ಚೀಟೀಲಿ ನಿಮ್ ಪಾಸ್‌ವರ್ಡ್ ಬರೀರಿ, ನಾನ್ ಅಂಟಿಸ್ತೀನಿ. ಮೂರು ಪ್ರತಿ. ಸಾಹೇಬ್ರ ಸೈನ್ ಆಗೋಕೆ ಒಂದ್ ವಾರ.”

“ಒಂದು ವಾರ ಅಂಟಿಸಿಟ್ರೆ ಹೋಗ್‌ಬರೋರೆಲ್ಲ ಓದ್ತಾರಲ್ಲ ಸಾರ್? ಊರಿಗೆ ಹೋಗೋವಾಗ ನೀವು ಮನೆ ಕೀ ಬಾಗಿಲಿಗೇ ನೇತಾಕಿ ಹೋಗ್ತೀರಾ?”

“ಇಲ್ಲಪ್ಪ, ಹೂಕುಂಡದ ಕೆಳಗಿಡ್ತೀವಿ. ಹೋಗ್ಲಿ, ಬೀಗದ ಬಿಲ್ ಆದ್ರೂ ಇದ್ಯಾ?”

“ಬಿಲ್ ಇಲ್ಲ ಸಾರ್, ಪುಕ್ಕಟೆ.”

ಅವರು ಪೆನ್ನು ಕೆಳಗಿಟ್ಟರು. “ಪುಕ್ಕಟೆ ಸಿಕ್ತು ಅಂತೀರ. ನಮ್ ಸ್ಟೇಷನ್ನಿಗೆ ಬರೋ ಮಾಲೆಲ್ಲ ಯಾರಿಗೋ ಪುಕ್ಕಟೆ ಸಿಕ್ಕಿದ್ದೇ.” ಅಲ್ಲಿಂದ ನನ್ನನ್ನು ದೂರುದಾರರ ಬೆಂಚಿನಿಂದ ಎಬ್ಬಿಸಿ ಎದುರಿನ ಬೆಂಚಿನಲ್ಲಿ ಕೂರಿಸಿದರು. ಆ ಬೆಂಚಿನವರ ಜತೆ ಒಳ್ಳೆಯ ಪರಿಚಯವಾಯಿತು. ಇಬ್ಬರಿಗೆ ರೂಮು ಬೇಕಂತೆ.

ರೈಟರನ್ನು ನಾನು ದೂರುವುದಿಲ್ಲ. ಕೀ ಕಟ್ಟುವ ಪದ್ಧತಿ ಟ್ರಂಕಿಗೆ ಸರಿಯಾಗಿಯೇ ಇದೆ, ಕೀ ಕಳೆದರೆ ಕಷ್ಟ. ಆದರೆ ನನ್ನ ಕೀ ಓದಿದವನ ತಲೆಗೆಲ್ಲ ಹೋಗುವಂಥದ್ದು. ಅದು ನಿಮ್ಮ ಗೋಡೆಯ ಪಕ್ಕ ಒಂದು ವಾರ ಅಂಟಿಕೊಂಡಿದ್ದರೆ, ಚಹ ತರುವವನಿಂದ ಹಿಡಿದು ಜಾಮೀನು ಕೊಡಲು ಬಂದವನವರೆಗೆ ಎಲ್ಲರೂ ಮಹಾದೇವಿಯ ರೂಮಿನ ಬಾಗಿಲಲ್ಲಿ ನಿಂತಂತೆ. ಇಷ್ಟಾದ ಮೇಲೆ ಆ ವಿಳಾಸವನ್ನು ಎರಡನೇ ಸಲವೂ ನಾನೇ ಕೊಡಬೇಕೇ?

ವಿಷಯ ತಿಳಿದು ಆಕೆ ಮೊನ್ನೆ ಅಂಗಡಿಗೆ ಬಂದಿದ್ದಳು. “ಅಣ್ಣಾರ, ನಿಮ್ಮ ಮಷಿನ್ ನಿಮಗ ಬೇಕಲ್ರಿ. ಚೀಟಿ ಬರದು ಕೊಡ್ರಿ. ಬರೆಯೋ ದಿನಾ ಮೊದ್ಲ ಹೇಳ್ರಿ ಅಷ್ಟ, ನಾ ಗಂಟು ಕಟ್ಟಿ ಬ್ಯಾರೆ ಕಡೆ ಹೋಗ್ತೀನಿ.”

“ನೀನು ಎಲ್ಲೂ ಹೋಗ್ಬೇಡ ಕಣಮ್ಮ. ಗಂಟು ನಾನು ಕಟ್ತೀನಿ,” ಎಂದೆ.

ಕಟ್ಟಿದ್ದೇನೆ. ಒಂದು ಚಾಪೆ, ಒಂದು ಕಂಬಳಿ, ಟಿಫಿನ್ ಡಬ್ಬ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಮುಂದೆ ಇರುತ್ತೇನೆ. ನೀವೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲಿ, ನಾನು ಮೂವತ್ತೊಂದು ಅಕ್ಷರ ಒತ್ತುತ್ತೇನೆ. ಪರದೆಯ ಮೇಲೆ ನನ್ನ ಅಂಗಡಿಯ ಫೋಟೋ ಬಂದರೆ, ‘ಕೀ ಮಾಲೀಕನ ತಲೆಯಲ್ಲಿದೆ’ ಎಂದು ಏಳನೇ ಕಾಲಮ್ಮಿನಲ್ಲಿ ಬರೆದು, ಅಲ್ಲೇ ಸೈನ್ ಮಾಡಿ ಮಾಲು ಕೊಡಿ. ಇಲ್ಲ, ಕೀ ಮಾಲಿಗೆ ಕಟ್ಟಿಯೇ ಇರಬೇಕು ಎನ್ನುವುದಾದರೆ ನನ್ನ ತಕರಾರೇನೂ ಇಲ್ಲ. ದಾರ ಸ್ವಲ್ಪ ಉದ್ದದ್ದು ತರಿಸಿ, ನನ್ನ ಕುತ್ತಿಗೆಗೆ ಚೀಟಿ ಹಾಕಿ, ಗ್ಯಾಸ್ ಸಿಲಿಂಡರನ್ನು ಒಂದಿಷ್ಟು ಆಚೆ ಸರಿಸಿ.

ಇಂತಿ, ಬಾಯಿಬಡುಕನೆಂದು ಹೆಸರಾಗಿದ್ದರೂ ಈ ಒಂದು ವಿಷಯದಲ್ಲಿ ಬಾಯಿ ಬಿಡದ,
ಚಿಕ್ಕಬೈರಪ್ಪ,
ಬಾಡಿಗೆ ಮನೆ ದಲ್ಲಾಳಿ, ಕುಂದಲಹಳ್ಳಿ