ಅಗ್ಗದ ಗರಗಸದಲ್ಲಿ ಕಟ್ಟಿದ ಕೋಣೆ

ಟಿಮಾರು
ಮೇ 11, ಭಾನುವಾರ

ಪ್ರೀತಿಯ ಡೂಗಲ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಫ್ರಿಜ್ಜಿನ ಮೇಲೆ ಹಣ್ಣಿನ ಬುಟ್ಟಿಗೆ ಒರಗಿಸಿ ಇಟ್ಟಿದ್ದೇನೆ. ಟೀ ಮಾಡಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅಮ್ಮ ಯಾಕೆ ಬರೆಯಲಿಲ್ಲ, ಮನಸ್ಸು ಬದಲಾಯಿಸಿಬಿಟ್ಟಳೋ ಏನೋ ಎಂದು ಆ ಜೈಲಿನ ಮಂಚದ ಮೇಲೆ ಕೂತು ನೀನು ಏನೇನು ಯೋಚಿಸುತ್ತಿರುವೆಯೋ. ಮನಸ್ಸು ಬದಲಾಗಿಲ್ಲ ಮಗನೇ. ಬರೆಯುವ ಕೈಯ ಹೆಬ್ಬೆರಳಿಗೆ ಪೆಟ್ಟಾಗಿತ್ತು. ನಿನ್ನೆ ಹೊಲಿಗೆ ಬಿಚ್ಚಿದರು. ಅಕ್ಷರ ಕೋಳಿ ಕೆರೆದ ಹಾಗೆ ಕಂಡರೆ ಬೇಸರ ಮಾಡಿಕೊಳ್ಳಬೇಡ.

ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಐಲ್ಸಾ ಬಾಯಿಂದ ಬೇರೆ ರೀತಿ ಕೇಳುತ್ತೀಯ. ನಿನ್ನ ಅಕ್ಕ ಯಾವುದನ್ನೂ ಇದ್ದಷ್ಟೇ ಹೇಳಿದವಳಲ್ಲ.

ನಿನ್ನ ಬಿಡುಗಡೆಯ ವಿಚಾರ ನೋಡಿಕೊಳ್ಳುವ ಅಧಿಕಾರಿ, ಹಿನೆಮೋವಾ ಎಂಬಾಕೆ, ಈಸ್ಟರ್ ಕಳೆದ ಮೇಲೆ ಮನೆ ನೋಡಲು ಬಂದಿದ್ದಳು. ಒಳ್ಳೆಯ ಹೆಂಗಸು. ಶೂ ಬಿಚ್ಚಿಟ್ಟು ಒಳಗೆ ಬಂದಳು, ನನ್ನ ಚೀಸ್ ಸ್ಕೋನ್ ತಿಂದು ಇನ್ನೊಂದು ಕೇಳಿ ಹಾಕಿಸಿಕೊಂಡಳು. ಆದರೆ ಮನೆಯೆಲ್ಲ ತಿರುಗಾಡಿ ನೋಡಿ ಪೆಚ್ಚಾದಳು. ನಿನ್ನಪ್ಪ ಹೋದ ಮೇಲೆ ನಾನು ದೊಡ್ಡ ಮನೆ ಬಿಟ್ಟು ಇಲ್ಲಿಗೆ ಬಂದದ್ದು ನಿನಗೆ ಗೊತ್ತಲ್ಲ. ಇರುವುದು ಒಂದೇ ಮಲಗುವ ಕೋಣೆ. ನಿನಗೆಂದು ಬೇರೆ ಕೋಣೆ ಬೇಕು, ಬೆಚ್ಚಗಿರಬೇಕು, ಕಿಟಕಿ ಇರಬೇಕು, ಇಲ್ಲದಿದ್ದರೆ ಈ ವಿಳಾಸಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ ಎಂದಳು. ಇಲ್ಲಿ ಆಗದಿದ್ದರೆ ನಿನ್ನನ್ನು ಕ್ರೈಸ್ಟ್‌ಚರ್ಚಿನ ಹಾಸ್ಟೆಲಿಗೆ ಕಳಿಸುತ್ತಾರಂತೆ. ಆ ಊರು ಎಂದೊಡನೆ ನಿನ್ನ ಹಳೆಯ ಗೆಳೆಯರ ಮುಖಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಗ್ಯಾರೇಜ್ ಇದೆಯಲ್ಲ, ಅದನ್ನೇ ಕೋಣೆ ಮಾಡಿಸುತ್ತೇನೆ ಎಂದು ಹೇಳಿಬಿಟ್ಟೆ.

ಹೇಳುವುದು ಸುಲಭ. ಊರಿನ ಬಡಗಿಗಳಿಗೆಲ್ಲ ಫೋನ್ ಮಾಡಿದೆ. ಒಬ್ಬ, ವಸಂತಕಾಲ ಬರಲಿ ನೋಡೋಣ ಎಂದ, ಇನ್ನೊಬ್ಬ ಫೋನ್ ಎತ್ತಲೇ ಇಲ್ಲ. ಮೇ ಕಳೆದರೆ ಚಳಿಗಾಲ, ನೀನು ಬರುವುದು ಅದರ ಬಾಯಲ್ಲಿ. ಕೊನೆಗೆ, ನಿನ್ನಪ್ಪ ಮಾಡುವಾಗ ಇಷ್ಟು ವರ್ಷ ಹಲಗೆಯ ತುದಿ ಹಿಡಿದು ನಿಂತವಳು ನಾನೇ ಅಲ್ಲವೇ, ನಾನೇ ಮಾಡಿದರಾಯಿತು ಎಂದುಕೊಂಡೆ.

ನಿನ್ನಪ್ಪ ಆಥಲ್‌ನ ಮರಗೆಲಸದ ಸಾಮಾನು ಇದ್ದಿದ್ದರೆ ಚಿಂತೆ ಇರುತ್ತಿರಲಿಲ್ಲ. ಆ ಹಾಳು ಮತ್ತಿನ ಪುಡಿಗಾಗಿ ನೀನು ಒಂದೊಂದನ್ನೇ ಸಾಗಿಸಿ ಮಾರಿದೆ. ಕೆದಕಲು ಬರೆಯುತ್ತಿಲ್ಲ, ಬರೆಯದೆ ದಾಟಿಹೋದರೆ ನಾನು ಹೊಸದಾಗಿ ಯಾಕೆ ಕೊಂಡೆ ಎನ್ನುವುದು ಅರ್ಥವಾಗುವುದಿಲ್ಲ. ಬಂದರಿನ ಕಡೆಯ ದೊಡ್ಡ ಅಂಗಡಿಗೆ ಹೋಗಿ, ಡ್ರಿಲ್ ಮಷಿನ್, ಮರ ಉಜ್ಜುವ ಮಷಿನ್, ಕೈಯಲ್ಲಿ ಹಿಡಿದು ನೂಕುವ ಕರೆಂಟ್ ಗರಗಸ, ಮೂರನ್ನೂ ಎಲ್ಲಕ್ಕಿಂತ ಅಗ್ಗದ್ದೇ ನೋಡಿ ಆರಿಸಿದೆ. ಮನೆ ಬಳಕೆಗೆ ಇದು ಸಾಕಾಗುತ್ತದೆಯೇ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. ವರ್ಷಕ್ಕೊಮ್ಮೆ ಫೋಟೋ ನೇತುಹಾಕುವವರಿಗೆ ಧಾರಾಳ ಸಾಕು, ನೀವು ಏನು ಮಾಡುತ್ತೀರಿ ಎಂದಳು. ಕೋಣೆ ಕಟ್ಟುತ್ತೇನೆ ಎಂದೆ. ಅವಳು ನನ್ನ ಬಿಳಿ ಕೂದಲು ನೋಡಿ, ಮಷಿನ್‌ಗಳನ್ನು ನೋಡಿ, ಮರದ ಚೂರು ಕಣ್ಣಿಗೆ ಸಿಡಿಯದಂತೆ ಹಾಕುವ ಕನ್ನಡಕವೊಂದನ್ನು ಸುಮ್ಮನೆ ಚೀಲಕ್ಕೆ ಸೇರಿಸಿದಳು.

ಮರ್ವಿನ್ ನೆನಪಿದ್ದಾನಲ್ಲ? ನಿನ್ನಪ್ಪನ ಜೊತೆ ಕಿಟಕಿ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಇದ್ದವನು. ಈಗ ಪಕ್ಕದ ಬೀದಿಯಲ್ಲೇ ಇದ್ದಾನೆ. ಸುದ್ದಿ ತಿಳಿದು ಮಾರನೆಯ ಬೆಳಿಗ್ಗೆಯೇ ಬಂದ. ಡ್ರಿಲ್ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಪರವಾಗಿಲ್ಲ ಎಂದ. ಉಜ್ಜುವುದಕ್ಕೂ ಪರವಾಗಿಲ್ಲ, ಸದ್ದು ಜಾಸ್ತಿ, ಕೆಲಸ ಅಷ್ಟೇ ಎಂದ. ಗರಗಸದ ತಳದ ತಗಡನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದ. ಅದು ಬಾಗಿತು.

"ಇದನ್ನ ಗರಗಸ ಅಂತ ಯಾರು ಹೇಳಿದ್ರು ನಿಂಗೆ? ಬ್ರೆಡ್ ಕುಯ್ಯಕ್ಕೂ ಭಯ ಆಗುತ್ತೆ ಇದ್ರಲ್ಲಿ."

ಒಂದು ಕೋಣೆ, ಒಂದೇ ಸಲ, ಆಮೇಲೆ ನನಗೇನೂ ಕಟ್ಟಲಿಕ್ಕಿಲ್ಲ ಎಂದು ವಾದಿಸಿದೆ. ಅವನು ತಲೆ ಕೆರೆದುಕೊಂಡ. ತನ್ನ ಸ್ವಂತ ಗರಗಸವನ್ನೇ ಕೊಡುತ್ತೇನೆ ಎಂದ. ಖುಷಿಯಾಗಿ ಒಪ್ಪಬೇಕೆನ್ನುವಷ್ಟರಲ್ಲಿ, ದಿನಾ ಸಂಜೆ ಬಂದು ವಾಪಸ್ ಒಯ್ಯುತ್ತೇನೆ, ನಿನ್ನ ಗ್ಯಾರೇಜಿನಲ್ಲಿ ಮಾತ್ರ ಬಿಡುವುದು ಬೇಡ ಎಂದು ನೆಲ ನೋಡುತ್ತ ಸೇರಿಸಿದ. ನೀನಿನ್ನೂ ಅಲ್ಲಿಂದ ಹೊರಗೇ ಬಂದಿಲ್ಲ ಮಗನೇ, ಆಗಲೇ ಜನ ಸಾಮಾನು ಎತ್ತಿಡುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಬೇಡ ಮರ್ವಿನ್, ಬ್ರೆಡ್ ಕುಯ್ಯುವುದರಲ್ಲೇ ಮಾಡಿಕೊಳ್ಳುತ್ತೇನೆ ಎಂದೆ.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಸಿಮೆಂಟ್ ನೆಲದ ಮೇಲೆ ಪೈನ್ ಮರದ ಚೌಕಟ್ಟು ಕೂರಿಸಿದೆ, ಒಳಗೆ ಚಳಿ ತಡೆಯುವ ಉಣ್ಣೆಯ ಹಾಸು ತುಂಬಿದೆ. ಡ್ರಿಲ್‌ನ ಬ್ಯಾಟರಿ ಮಾತ್ರ ನನ್ನ ಹಾಗೆಯೇ, ಬೆಳಿಗ್ಗೆ ಹುರುಪು, ಮಧ್ಯಾಹ್ನಕ್ಕೆ ಸುಸ್ತು. ಅದು ಚಾರ್ಜ್ ಆಗುವಷ್ಟು ಹೊತ್ತು ನಾನೂ ಕಾಲು ಚಾಚುತ್ತಿದ್ದೆ. ಗರಗಸವೇ ಕಾಟ ಕೊಟ್ಟದ್ದು. ಪೆನ್ಸಿಲ್ ಗೆರೆಯ ಮೇಲೆಯೇ ಹಿಡಿದರೂ ಅದು ತನಗೆ ಬೇಕಾದ ಕಡೆ ಹೋಗುತ್ತಿತ್ತು. ಅಲಗು ಎಷ್ಟು ಆಳ ಇಳಿಯಬೇಕೆಂದು ಬಿಗಿಮಾಡುವ ತಿರುಪು, ಮಷಿನ್ ನಡುಗಿದ ಹಾಗೆಲ್ಲ ತಾನಾಗಿ ಸಡಿಲವಾಗುತ್ತಿತ್ತು. ಪ್ರತಿ ಹಲಗೆಗೂ ಮೊದಲು ಅದನ್ನು ಮುಟ್ಟಿ ನೋಡುವುದು ಅಭ್ಯಾಸವಾಯಿತು. ಗುಂಡಿ ಒತ್ತುವಾಗ ಪ್ರತಿ ಸಲವೂ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಮಾತ್ರ ಅಭ್ಯಾಸವಾಗಲೇ ಇಲ್ಲ.

ಬೆರಳಿಗೆ ಪೆಟ್ಟಾದ ದಿನ ಐಲ್ಸಾ ಡನೀಡನ್ನಿನಿಂದ ಫೋನ್ ಮಾಡಿ ನನ್ನ ಜೊತೆ ಜಗಳವಾಡಿದ್ದಳು. ಅವನನ್ನು ಮನೆಗೆ ಸೇರಿಸಿದರೆ ನಾನು ಮಕ್ಕಳನ್ನು ಕರೆದುಕೊಂಡು ಬರುವುದಿಲ್ಲ ಎಂದಳು. ಫೋನಿಟ್ಟು ಅದೇ ತಲೆಯಲ್ಲಿ ನೆಲದ ಹಲಗೆ ಕುಯ್ಯಲು ಹೋದೆ. ತಿರುಪು ಮುಟ್ಟಿ ನೋಡಲಿಲ್ಲ. ಹಲಗೆಯ ಎರಡು ತುದಿಗೂ ಸ್ಟೂಲು ಕೊಟ್ಟಿದ್ದೆ, ನಡುವೆ ಏನೂ ಇರಲಿಲ್ಲ. ಕುಯ್ಯುತ್ತ ಹೋದಂತೆ ಹಲಗೆ ಕುಸಿದು ಅಲಗನ್ನು ಕಚ್ಚಿಕೊಂಡಿತು. ಗರಗಸ ಒದೆಯುವ ಕುದುರೆಯ ಹಾಗೆ ಹಿಂದಕ್ಕೆ ಹಾರಿತು. ಅದರ ಹಿಡಿಗೂ ಹಿಂದಿದ್ದ ಬೆಂಚಿನ ಕಬ್ಬಿಣದ ಅಂಚಿಗೂ ನಡುವೆ ನನ್ನ ಹೆಬ್ಬೆರಳು ಸಿಕ್ಕಿತು. ಅಲಗು ತಾಗಲಿಲ್ಲ, ದೇವರು ದೊಡ್ಡವನು. ತಾಗಿದ್ದರೆ ಈ ಕಾಗದವನ್ನು ಬೇರೆ ಯಾರೋ ಬರೆಯುತ್ತಿದ್ದರು.

ಮರ್ವಿನ್‌ನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಲಿಗೆ ಹಾಕುವ ಮೊದಲು ಎಳೆ ವಯಸ್ಸಿನ ನರ್ಸ್ ಒಬ್ಬಳು ಕಂಪ್ಯೂಟರಿನಲ್ಲಿ ನನ್ನ ಹಳೆಯ ದಾಖಲೆಯೆಲ್ಲ ನೋಡಿದಳು. ಎದ್ದು ಹೋಗಿ ಪರದೆ ಎಳೆದಳು. ಕುರ್ಚಿಯನ್ನು ನನ್ನ ಹತ್ತಿರ ತಂದು ಕೂತಳು.

"ಹಿಂದೆ ನಿಮ್ಮ ತೋಳು ಮುರಿದಿತ್ತಲ್ವಾ. ಈಗ ಮನೇಲಿ ಯಾರಾದ್ರೂ ನಿಮಗೆ ಏನಾದ್ರೂ ಮಾಡ್ತಿದಾರಾ? ಇಲ್ಲಿ ಹೇಳಬಹುದು, ಯಾರೂ ಕೇಳಿಸಿಕೊಳ್ಳಲ್ಲ."

"ಇಲ್ಲಮ್ಮ, ಇದು ಗರಗಸ ಮಾಡಿದ್ದು," ಎಂದೆ. ನಗಿಸಲೆಂದು, ಅಂಗಡಿಯಲ್ಲೇ ಅಗ್ಗದ್ದು ಎಂದೂ ಸೇರಿಸಿದೆ. ಅವಳು ನಗಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಸದ್ಯ ಯಾರೂ ಇಲ್ಲ ಎಂದೆ. ಆ 'ಸದ್ಯ' ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ.

ನನ್ನ ತೋಳು ಮುರಿದ ಆ ದಿನ ಅಡುಗೆಮನೆಯಲ್ಲಿ ನಡೆದದ್ದಕ್ಕೆ ನೀನು ಕಾಗದದಲ್ಲಿ ಕ್ಷಮೆ ಕೇಳಿದ್ದೀಯ. ಎಷ್ಟು ಸಲ ಕೇಳುತ್ತೀಯ ಡೂಗಲ್? ಕ್ಷಮಿಸಿದ್ದೇನೆ. ಮೂಳೆಯೂ ಕೂಡಿಕೊಂಡಿದೆ, ದಕ್ಷಿಣದ ಚಳಿಗಾಳಿ ಬೀಸುವಾಗ ಒಂದಿಷ್ಟು ಜುಮ್ಮೆನ್ನುತ್ತದೆ.

ಬೆರಳಿನ ಸುದ್ದಿ ಕೇಳಿ ಐಲ್ಸಾ ಓಡಿ ಬಂದಳು. ಒಳಗೆ ಕಾಲಿಟ್ಟವಳೇ, "ಅವನಿಗೋಸ್ಕರ ಇನ್ನೂ ಏನೇನು ಮುರ್ಕೋಬೇಕು ಅಂತಿದೀಯಮ್ಮ?" ಎಂದಳು. ನಾನು ಅವಳಿಗೆ ಸೂಪ್ ಬಡಿಸಿದೆ. ಕುಡಿದು ಮುಗಿಸಿ, ಗ್ಯಾರೇಜಿಗೆ ಹೋಗಿ ಅರ್ಧ ಹಾಕಿದ ನೆಲವನ್ನು ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಕಾರಿನಿಂದ ಹಳೆಯ ಪ್ಯಾಂಟ್ ತಂದು ಹಾಕಿಕೊಂಡಳು. ಎರಡು ದಿನ ಇದ್ದಳು, ನಿನ್ನ ಹೆಸರನ್ನು ಎತ್ತಲೇ ಇಲ್ಲ. ಆದರೆ ಗೋಡೆಗೆ ಬಣ್ಣ ಹೊಡೆದವಳು ಅವಳೇ. ತಿಳಿ ಹಸಿರು. ಹೊರಡುವಾಗ, ಮಕ್ಕಳ ವಿಷಯ ಆಮೇಲೆ ನೋಡೋಣ ಎಂದಳು. ನಾನು ಅಷ್ಟಕ್ಕೇ ಕೈ ಮುಗಿದೆ.

ಗರಗಸದ ಕೆಲಸ ಮುಗಿಸಿದವನು ಮರ್ವಿನ್. ನನ್ನ ಗರಗಸದಲ್ಲೇ! ಸ್ಟೂಲುಗಳ ನಡುವೆ ಉದ್ದಕ್ಕೂ ಆಸರೆ ಕೊಟ್ಟ, ಸಡಿಲ ತಿರುಪಿನ ಕೆಳಗೆ ವಾಷರ್ ಹಾಕಿ ಬಿಗಿದ, ಅಂಗಡಿಯವರು ಕೊಟ್ಟ ಅಲಗನ್ನು ಕಿತ್ತು ಬಿಸಾಡಿ ತನ್ನದೊಂದು ಒಳ್ಳೆಯದನ್ನು ಹಾಕಿದ. ಅದೇ ಮಷಿನ್ ಬೆಣ್ಣೆ ಕುಯ್ದ ಹಾಗೆ ಕುಯ್ಯಿತು. ಹಾಗಾದರೆ ತಪ್ಪು ನನ್ನದೋ ಗರಗಸದ್ದೋ ಎಂದು ಕೇಳಿದೆ.

"ಇಬ್ರದ್ದೂ. ಒಳ್ಳೆ ಮಷಿನ್ ಆದ್ರೆ ನೀನು ಒಂದ್ಸಲ ಮೈಮರೆತ್ರೂ ಸಂಭಾಳಿಸ್ಕೊಳುತ್ತೆ. ಇದು ಸಂಭಾಳಿಸಲ್ಲ. ಮನೆಗೆ ಸಾಕು ಕಣೆ, ಆದ್ರೆ ಕಣ್ಣು ಮಾತ್ರ ತೆಗೀಬೇಡ."

ಅಲಗನ್ನು ವಾಪಸ್ ಒಯ್ಯಲು ಮರೆತಿದ್ದೀಯ ಎಂದು ಬಾಗಿಲವರೆಗೆ ಹೋಗಿ ಹೇಳಿದೆ. ಅಲ್ಲೇ ಇರಲಿ ಬಿಡು, ಡೂಗಲ್ ಬಂದರೆ ಬೇಕಾಗುತ್ತದೆ ಎಂದ. ನಾನು ಒಳಗೆ ಬಂದು ಸ್ವಲ್ಪ ಅತ್ತೆ.

ಮೊನ್ನೆ ಹಿನೆಮೋವಾ ಮತ್ತೆ ಬಂದು ನೋಡಿ ಒಪ್ಪಿಗೆ ಬರೆದುಕೊಂಡು ಹೋದಳು. ಈಗ ನಿನಗೊಂದು ಕೋಣೆ ಇದೆ ಮಗನೇ. ನೆಲ ಕಿಟಕಿಯ ಕಡೆಗೆ ಕೊಂಚ ಇಳಿಜಾರಾಗಿದೆ, ಬಟಾಣಿ ಬಿದ್ದರೆ ಉರುಳುತ್ತದೆ. ಮೂಲೆಯಲ್ಲಿ ಹಲಗೆ ಕೂಡುವಲ್ಲಿ ಸಂದಿಯಿದೆ, ಅದರ ಮೇಲೆ ಕುರ್ಚಿ ಇಟ್ಟಿದ್ದೇನೆ, ಸರಿಸಬೇಡ. ಹೀಟರ್ ಇದೆ. ನಿನ್ನಪ್ಪನ ಉಣ್ಣೆಯ ರಗ್ಗನ್ನು ತೊಳೆದು ಮಂಚಕ್ಕೆ ಹಾಸಿದ್ದೇನೆ. ಊಟಕ್ಕೆ ಏನು ಮಾಡಲಿ? ಕುರಿಮಾಂಸ ಈಗಲೂ ತಿನ್ನುತ್ತೀಯಾ? ಅಲ್ಲಿ ಏನೇನು ರೂಢಿಯಾಗಿದೆಯೋ ನನಗೆ ಒಂದೂ ಗೊತ್ತಿಲ್ಲ.

ಬಸ್ಸು ಇಳಿಯುವ ಜಾಗಕ್ಕೆ ನಾನೇ ಬರುತ್ತೇನೆ. ಚಳಿ ಜೋರಾಗಿದೆ, ಅವರು ಕೋಟು ಕೊಟ್ಟರೆ ಸಂಕೋಚಪಡದೆ ಇಸಿದುಕೋ. ದಾರಿಯಲ್ಲಿ ಯಾರ ಜೊತೆಗೂ ಇಳಿಯಬೇಡ. ನಿನ್ನ ತಲೆ ತಿಳಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ, ನಿನ್ನಪ್ಪನ ಒಳ್ಳೆಯ ಗುಣಗಳೆಲ್ಲ ನಿನ್ನ ಕೈಗೆ ಬರಲಿ ಎಂದು ಹರಸುತ್ತೇನೆ.

ನಿನ್ನ ಅಮ್ಮ,
ವರ್ನಾ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನ ಕೋಣೆಗೂ ನನ್ನ ಅಡುಗೆಮನೆಗೂ ನಡುವೆ ಒಂದು ಬಾಗಿಲಿದೆ. ಡ್ರಿಲ್ ಮಷಿನ್ ತಂದ ದಿನವೇ, ನೆಲಕ್ಕೆ ಒಂದು ಹಲಗೆಯನ್ನೂ ಹಾಕುವ ಮೊದಲು, ಆ ಬಾಗಿಲಿಗೆ ನಾನೊಂದು ಚಿಲಕ ಹಾಕಿದೆ. ನನ್ನ ಕಡೆಯಿಂದ. ಐಲ್ಸಾ ಹೇಳಿದ್ದಕ್ಕಲ್ಲ, ಅಧಿಕಾರಿ ಹೇಳಿದ್ದಕ್ಕೂ ಅಲ್ಲ, ನಾನಾಗಿ ಹಾಕಿದ್ದು. ಹಗಲು ತೆಗೆದಿರುತ್ತೇನೆ. ಮಲಗುವಾಗ ಹಾಕಿಕೊಳ್ಳುತ್ತೇನೆ, ಆ ಸದ್ದು ನಿನಗೆ ಕೇಳಿಸುತ್ತದೆ. ಬಂದ ಮೊದಲ ದಿನ ಅದನ್ನು ಕೇಳಿ ನಿನಗೆ ಗೊತ್ತಾಗುವುದಕ್ಕಿಂತ, ನಾನೇ ಮೊದಲು ಹೇಳುವುದು ಒಳ್ಳೆಯದು. ಕ್ಷಮಿಸಿದ್ದೇನೆ ಎಂದು ಬರೆದದ್ದು ಸುಳ್ಳಲ್ಲ. ಆದರೆ ನನಗೆ ನಿನ್ನನ್ನು ಕಂಡರೆ ಭಯ, ಡೂಗಲ್. ಇದು ತಿಳಿದ ಮೇಲೂ ನೀನು ಬರಬೇಕು ಎಂದೇ ನನ್ನ ಆಸೆ. ಈ ಕೈಯಲ್ಲಿ ಮಾಡಿದ ಕೆಲಸದಲ್ಲಿ ಒಂದಿಷ್ಟೂ ಸೊಟ್ಟಗಾಗದೆ ಬಂದದ್ದು ಆ ಚಿಲಕ ಒಂದೇ.