ಪರೀಕ್ಷೆ ಮುಗಿಯದ ಸೆಲ್ಲುಗಳು

ಲ್ಯಾಬಿನ ಮೇಲ್ಮಹಡಿ
ಜುಲೈ ಹದಿನಾಲ್ಕು

ಪ್ರೀತಿಯ ಅಣ್ಣ,

ರೂಢಿಯಂತೆ ‘ಪ್ರೀತಿಯ’ ಎಂದು ಬರೆದಿದ್ದೇನೆ, ಹೆಚ್ಚು ಅರ್ಥ ಹುಡುಕಬೇಡ. ಹೊಟ್ಟೆಯ ಉರಿ ಕಡಿಮೆಯಾಯಿತೇ? ನನ್ನದು ಹೆಚ್ಚಾಗಿದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ.

ಅಪ್ಪನಿಗೆ ಏನೂ ಆಗಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಊರಿಗೆ ಹೊರಡುವ ಮುನ್ನ ನೀನು ಅವರ ಗಾಲಿಕುರ್ಚಿಗೆ ಹಾಕಿಕೊಟ್ಟ ಹೊಸ ಬ್ಯಾಟರಿ ಸೋಮವಾರ ನಾಲ್ಕು ರಸ್ತೆ ಕೂಡುವ ಕಡೆ ನಟ್ಟನಡುವೆ ಕೈಕೊಟ್ಟಿತು. ಸಿಗ್ನಲ್ ಬಿಟ್ಟಾಗಿತ್ತು. ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿ, ಇಳಿದು ಬಂದು, ಕುರ್ಚಿ ತಳ್ಳಿ ದಡ ಸೇರಿಸಿದರಂತೆ. ಮನೆಗೆ ಬಂದ ಅಪ್ಪ ಕೇಳಿದ್ದು ಇಷ್ಟೇ: “ಈ ಬ್ಯಾಟರಿ ನೀನು ಮಾಡಿದ್ದಲ್ವಾ ಮಗಳೇ?” ಬಗ್ಗಿ ನೋಡಿದೆ. ಸೀಟಿನ ಕೆಳಗಿನ ಸೆಲ್ಲುಗಳು ದಿಂಬಿನಂತೆ ಉಬ್ಬಿದ್ದವು, ನಾನು ಮಾಡಿದ್ದವೇ.

ಊಟಕ್ಕೆ ಕೂತಾಗಲೆಲ್ಲ ನಿನಗೆ ಬಿಡಿಸಿ ಹೇಳಿದ್ದೆ. ಚಾರ್ಜ್ ಆಗುವಾಗ ಲಿಥಿಯಂ ಒಳಗೆ ನುಗ್ಗಿ ಸೆಲ್ಲಿನಲ್ಲಿರುವ ಕಬ್ಬಿಣದ ಆಕ್ಸೈಡ್ ಪುಡಿ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಹಿಗ್ಗಲು ಜಾಗವಿರಲೆಂದೇ ಆ ಪುಡಿಯಲ್ಲಿ ಸಣ್ಣ ಸಣ್ಣ ರಂಧ್ರ ಮಾಡುತ್ತೇವೆ, ಒಡೆದು ಚದುರದಿರಲೆಂದು ಇಂಗಾಲದಲ್ಲಿ ಸುತ್ತುತ್ತೇವೆ. ರಂಧ್ರ ಇನ್ನೂ ಒಂದೇ ಸಮ ಬರುತ್ತಿಲ್ಲ, ಪುಡಿ ಬಿರುಕು ಬಿಡುತ್ತಿದೆ, ಒಳಗೆ ಗ್ಯಾಸ್ ಕಟ್ಟುತ್ತಿದೆ ಎಂದೆ. ನೀನು ತಲೆಯಾಡಿಸಿ, “ಎಷ್ಟು ಪರೀಕ್ಷೆ ಮಾಡಿದರೂ ನಿನಗೆ ಸಾಲಲ್ಲ, ಬಿಡು” ಎಂದೆ. ಆಮೇಲೆ ಕೇಳದೆ ಲ್ಯಾಬಿನ ನನ್ನ ಕಪಾಟಿನಲ್ಲಿದ್ದ ಸೆಲ್ಲುಗಳಿಗೇ ಕೈಹಾಕಿದೆ. ಅದೂ ಸಾಲದೆಂದು, ಅಪ್ಪ ಅದರಲ್ಲಿ ಜುಮ್ಮಂತ ಹೋಗುವುದನ್ನು ವಿಡಿಯೊ ಮಾಡಿ ನಿನ್ನ ಗಾಲಿಕುರ್ಚಿ ಅಂಗಡಿಯ ಗಿರಾಕಿಗಳಿಗೆ ತೋರಿಸಿದೆ. ಹೆತ್ತ ಅಪ್ಪನನ್ನು ಸ್ಯಾಂಪಲ್ ಮಾಡಿಕೊಳ್ಳಲು ನಿನಗೆ ಮನಸ್ಸಾದರೂ ಹೇಗೆ ಬಂತು? ಪಾಪ, ಅವರು ಅದರಲ್ಲಿ ನಗುತ್ತಿದ್ದಾರೆ.

ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಅವರಿಗೆ ನಿನ್ನ ಮೇಲೆ ಸಿಟ್ಟು ಬರುವುದಿಲ್ಲ. ಅವರ ಪಾಲಿನದನ್ನೂ ನಾನೇ ಮಾಡಿಕೊಂಡಿದ್ದೇನೆ.

ನಿನ್ನ ತಂಗಿ

ತಾ.ಕ.: ಇವತ್ತು ಕಪಾಟು ನೋಡಿದೆ. ಹೋಗಿರುವುದು ಎರಡು ಬ್ಯಾಟರಿಗೆ ಆಗುವಷ್ಟು ಸೆಲ್ಲು. ಅಷ್ಟರಲ್ಲಿ ಆಸ್ಪತ್ರೆಗೆ ಕುರ್ಚಿ ಕೊಳ್ಳುವ ನಿನ್ನ ಗಿರಾಕಿ, ಆ ವಿಡಿಯೊ ನೋಡಿ, ಲ್ಯಾಬಿಗೇ ಬಂದರು. ಉಬ್ಬಿದ್ದನ್ನು ಅವರ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ನಾಳೆ ಅವರು ನಿನ್ನ ಊರಿಗೇ ಬರುತ್ತಾರಂತೆ, ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ತಲೆ ಎತ್ತು, ಎದುರಿಗೇ ನಿಂತಿದ್ದಾರೆ. ಎರಡನೇ ಬ್ಯಾಟರಿ ಹಾಕಿದ ಕುರ್ಚಿ ಯಾರಿಗೆ ಕೊಟ್ಟೆ ಎಂದು ಅವರಿಗೆ ಹೇಳು.