ಬೋಟಿಗೆ ಎದ್ದ ಬೊಕ್ಕೆ

ಸವದತ್ತಿ
೧೨ ಮೇ ೨೦೨೫

ರಾಮದುರ್ಗದಲ್ಲಿ ಕುಳಿತು ಸಿಗ್ನಲ್ ಇಲ್ಲವೆನ್ನುವ ನಮ್ಮ ಮನೆಯವರಿಗೆ, ದುರ್ಗಾಳ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ. ನಿಮ್ಮ ಆರಾಮ ಕೇಳಲು ಬರೆದ ಪತ್ರ ಇದಲ್ಲ. ಫೋನಿನಲ್ಲಿ ಬೋಟಿನ ಮಾತು ತೆಗೆದರೆ ಸಾಕು, ನಿಮಗೆ ನನ್ನ ದನಿಯೇ ಕೇಳಿಸುವುದಿಲ್ಲ. ಕಾಗದವಾದರೆ ಕಟ್ ಆಗುವುದಿಲ್ಲ, ಪೂರಾ ಓದಿ.

ಬೋಟನ್ನು ಹಿನ್ನೀರಿನಿಂದ ಎಳೆಸಿ ಬೇವಿನ ಮರದ ಕೆಳಗೆ ಬೋರಲು ಹಾಕಿದ್ದೇವೆ. ಮಳೆಗೆ ಡ್ಯಾಮ್ ತುಂಬುವ ಮೊದಲು ತಳಕ್ಕೆ ಹೊಸ ಬಣ್ಣ ಕೊಟ್ಟು ಮತ್ತೆ ಜನರನ್ನು ಕೂಡ್ರಿಸಬೇಕೆಂದು ನೀವೇ ಹೇಳಿದ್ದಿರಿ. ಹೊರಳಿಸಿ ನೋಡಿದರೆ ತಳದ ಒಂದು ಮಗ್ಗುಲಿನ ತುಂಬ ಬೊಕ್ಕೆ. ಒತ್ತಿದರೆ ಹುಳಿ ನಾತದ ನೀರು. ಅತ್ತೆ ನೋಡಿದವರೇ 'ತಾಯಿ ಬಂದಾಳ, ಯಾರೂ ಕೆರೀಬ್ಯಾಡ್ರಿ' ಎಂದು ಬೋಟಿಗೆ ಬೇವಿನ ಸೊಪ್ಪು ಹೊದಿಸಿ, ಮೊಸರನ್ನದ ಎಡೆ ಇಟ್ಟರು.

ಅತ್ತೆಯ ನಂಬಿಕೆ ಅತ್ತೆಗಿರಲಿ. ಆದರೆ ನೀವು? ನಮ್ಮ ಕೂಸಿಗೆ ಅಮ್ಮ ಬಂದಾಗ ಬೇವಿನ ಸೊಪ್ಪನ್ನು ಹೊರಗೆಸೆದು ಡಾಕ್ಟರ ಕಡೆ ಓಡಿದವರು. ಈಗ ಫೈಬರ್ ಬೋಟಿಗೆ ಅಮ್ಮ ಬಂದಳೆಂದರೆ, 'ಅವ್ವ ಹೇಳೂದು ಖರೆ ಐತಿ, ಕೆರೀಬ್ಯಾಡ, ಮ್ಯಾಲೆ ಬಣ್ಣಾ ಬಳದುಬಿಡು' ಎನ್ನುತ್ತೀರಿ. ಕೇಳಿದಾಗಲೆಲ್ಲ ಇದೇ ಮಾತು. ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಅಲ್ಲಿಂದಲೇ.

ನಿನ್ನೆ ಅತ್ತೆ ಸಂತೆಗೆ ಹೋದಾಗ ಪಾಲಿಶ್ ಪೇಪರ್ ಹಿಡಿದು ಕುಳಿತೆ. ಬಣ್ಣ ಹೋಯಿತು, ಪುಟ್ಟಿ ಹೋಯಿತು. ಫೈಬರ್ ಹಾಳೆ ಇಟ್ಟು ರೆಸಿನ್ ಅಂಟು ಬಳಿಯಬೇಕಾದ ಜಾಗದಲ್ಲಿ ಅರಿವೆ! ಕೌದಿಗೆ ತೇಪೆ ಹಚ್ಚಿದ ಹಾಗೆ ಪದರದ ಮೇಲೆ ಪದರ. ಅರಿವೆ ನೀರು ಕುಡಿಯದೆ ಬಿಟ್ಟೀತೇ? ಅದೇ ಉಬ್ಬಿ ಬೊಕ್ಕೆ ಎದ್ದಿದೆ.

ಈ ತೇಪೆಯ ಕಥೆಯನ್ನು ನನಗೆ ಹೇಳಿದವರು ನೀವೇ. ಹೋದ ಬೇಸಿಗೆಯಲ್ಲಿ, ನಮ್ಮ ಬೋಟು ನಡೆಸುತ್ತಿದ್ದ ನನ್ನ ತಮ್ಮ ಗುರುನಾಥ ಅದನ್ನು ಬಂಡೆಗೆ ಬಡಿದ, ಯಾರಿಗೂ ಹೇಳದೆ ತೇಪೆ ಹಾಕಿದ, ಅದಕ್ಕೇ ನಡುನೀರಿನಲ್ಲಿ ಜನರ ಕಾಲಡಿ ನೀರು ಬಂತು ಎಂದಿರಿ. 'ಉಂಡ ಮನಿಗಿ ಎರಡು ಬಗದಿ' ಎಂದು ದಂಡೆಯ ಮೇಲೆ ಎಲ್ಲರೆದುರು ಬೈದು ಅಟ್ಟಿದಿರಿ. ಆಮೇಲೆ ತೇಪೆಯ ಮೇಲೆ ಪುಟ್ಟಿ ಬಳಿದು ಮುಗಿಸಿದಿರಿ. ನಾನೂ ನಿಮ್ಮನ್ನೇ ನಂಬಿದೆ. ಇವತ್ತಿಗೂ ಇಲ್ಲಿ ಯಾರೂ ಅವನ ಕೈಗೆ ಬೋಟು ಕೊಡುವುದಿಲ್ಲ. ಕಿತ್ತೂರಿನ ಹೈವೇ ಮೇಲೆ ಲಾರಿ ತೊಳೆಯುತ್ತಿದ್ದಾನೆ.

ಆ ಅರಿವೆ ಯಾವುದು ಗೊತ್ತೇ? ಹೋದ ಬೇಸಿಗೆಗೂ ಮೊದಲಿನ ಪಂಚಮಿಗೆ ಗುರುನಾಥನೇ ತಂದುಕೊಟ್ಟ ಇಳಕಲ್ ಸೀರೆಯ ಸೆರಗು. ಆ ಬೇಸಿಗೆಯಲ್ಲಿ ಅವನು ನನ್ನನ್ನು ಸಂಗೊಳ್ಳಿಗೆ, ತವರಿಗೆ ಕರೆದೊಯ್ದ ದಿನ ಅದನ್ನು ತೊಳೆದು ತಂತಿಯ ಮೇಲೆ ಹಾಕಿ ಹೋಗಿದ್ದೆ. ಒಂದು ವಾರ ನಾವಿಬ್ಬರೂ ಅಲ್ಲೇ ಇದ್ದೆವು. ತಿರುಗಿ ಬಂದಾಗ ಸೀರೆ ಇರಲಿಲ್ಲ. 'ಮಂಗ್ಯಾ ಒಯ್ದೈತಿ' ಎಂದಿರಿ. ಮರುದಿನ ಬೆಳಿಗ್ಗೆಯೇ ಬೋಟಿಗೆ ನೀರು ಹೊಕ್ಕಿತು. ಹಾಗಾದರೆ ಗುರುನಾಥ ಬಂಡೆಗೆ ಬಡಿದದ್ದು ಯಾವಾಗ, ತೇಪೆ ಹಾಕಿದ್ದು ಯಾವಾಗ? ಯಾವ ಮಂಗ್ಯಾ ನನ್ನ ಸೀರೆ ಹರಿದು ರೆಸಿನ್ ಕಲಸಿತು ರೀ?

ಅರಿವೆ ಕಿತ್ತು ತೂತನ್ನು ತೆರೆದೇ ಇಟ್ಟಿದ್ದೇನೆ. ಅದರ ಮೇಲೆ ಬಣ್ಣ ಬಳಿಯುವುದಿಲ್ಲ, ಜನರನ್ನು ಕೂಡ್ರಿಸಲೂ ಬಿಡುವುದಿಲ್ಲ. ನೀವು ಬರಬೇಕು. ಅವನನ್ನು ಬೈದ ಜಾಗದಲ್ಲೇ ನಿಂತು, ಬಡಿದವರು ಯಾರೆಂದು ಬಾಯಿಬಿಟ್ಟು ಹೇಳಬೇಕು. ಸಿಟ್ಟಿಗಿಂತ ನನಗೆ ನಾಚಿಕೆ ಹೆಚ್ಚಾಗಿದೆ. ಅತ್ತೆಗೆ ಇನ್ನೂ ಏನೂ ಹೇಳಿಲ್ಲ.

'ನಿಮ್ಮವಳು' ಎಂದು ಬರೆಯಲು ಕೈ ಏಳದ
ದುರ್ಗಾ

ತಾ.ಕ.: ಗುರುನಾಥನಿಗೆ ಫೋನ್ ಮಾಡಿದ್ದೆ. ಅವನಿಗೆ ಅಂದೇ ಗೊತ್ತಿತ್ತಂತೆ. ಬೋಟು ದಂಡೆಗೆ ಎಳೆದಾಗ ತೇಪೆಯ ಅಂಚಿನಲ್ಲಿ ಸೆರಗಿನ ಗುರುತು ಹಿಡಿದಿದ್ದನಂತೆ. ಮತ್ತೆ ಯಾಕೆ ಬಾಯಿ ಮುಚ್ಚಿಕೊಂಡು ಹೋದೆ ಎಂದು ಕೇಳಿದೆ. 'ನಾ ಅಂದಿದ್ರ ಮಾಮಾನ ಮರ್ಯಾದಿ ಹೋಗತಿತ್ತು. ನೀ ಆ ಮನ್ಯಾಗ ಬಾಳೇವು ಮಾಡಾಕಿ, ಅಕ್ಕಾ' ಎಂದ. ಆ ಬಾಳೇವು ಮಾಡಬೇಕೋ ಬೇಡವೋ, ನೀವು ದಂಡೆಯ ಮೇಲೆ ಮಾತಾಡಿದ ಮೇಲೆ ಹೇಳುತ್ತೇನೆ.